ಸಹಪಾಠಿ ಚರ್ಚೆಯೂ ಆನ್‌ಲೈನ್ ಕಲಿಕೆಯೂ: ಕಲಬುರಗಿ–ಕಮಲಾಪುರ ಪ್ರದೇಶವನ್ನು ಲಕ್ಷಿಸಿ ಒಂದು ವಿವೇಚನೆ

1. ವಿಷಯಪ್ರವೇಶ

ಕಲಬುರಗಿ ನಗರದಲ್ಲಿ ಕುಳಿತು ಉಪನ್ಯಾಸ ಮಾಡುವ ಅಧ್ಯಾಪಕರ ಮಾತು ಇಂದು ಕಮಲಾಪುರದ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿಗೆ ಕ್ಷಣಮಾತ್ರದಲ್ಲಿ ತಲುಪುತ್ತದೆ. ಹುಮನಾಬಾದಿನ ಹೆದ್ದಾರಿಯಲ್ಲಿ ಬಸ್ಸು ಕ್ರಮಿಸಬೇಕಾದ ದೂರವು ಮಾತಿಗೆ ಇಲ್ಲವಾಗಿದೆ. ಮಾತಿನೊಡನೆ ಅರ್ಥವೂ ತಲುಪಿತೇ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಯನ್ನೇ ಪ್ರಕೃತ ಲೇಖನದಲ್ಲಿ ಕೈಗೆತ್ತಿಕೊಂಡಿದ್ದೇವೆ.

ಇದು ಕೇವಲ ತಾತ್ತ್ವಿಕ ಜಿಜ್ಞಾಸೆಯಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಉತ್ತೀರ್ಣತೆ ಶೇಕಡಾ 42.43 ಆಗಿ, ಜಿಲ್ಲೆಯು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಮೊದಲನೆಯದಾಯಿತು. ಇಂತಹ ಅಂತರವು ಪ್ರಕಟವಾದಾಗಲೆಲ್ಲ ಒಳ್ಳೆಯ ಅಧ್ಯಾಪಕರ ಪಾಠಗಳನ್ನು ಮುದ್ರಿಸಿ ಎಲ್ಲರ ಫೋನಿಗೂ ಕಳುಹಿಸಬೇಕೆಂಬ ಸಲಹೆ ಕೇಳಿಬರುತ್ತದೆ. ಸಲಹೆ ಸದುದ್ದೇಶದ್ದೇ. ಆದರೆ ಕೇಳಿದ ಪಾಠವನ್ನು ಕುರಿತು ಇಬ್ಬರು ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಕಾರಣಸಹಿತವಾಗಿ ವಾದಿಸುವ ಸಂದರ್ಭವನ್ನು ಪಾಠದೊಳಗೇ ಏರ್ಪಡಿಸದಿದ್ದರೆ, ಪಾಠಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳೇನು, ಅಂತಹ ಚರ್ಚೆಯನ್ನು ಆನ್‌ಲೈನ್ ಪಾಠದಲ್ಲಿ ಏರ್ಪಡಿಸುವ ಬಗೆ ಯಾವುದು ಎಂಬುದನ್ನು ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ.

2. ಬಳ್ಳಾರಿಯ ಒಂದು ಹಳೆಯ ವರದಿ

ವಿದ್ಯಾರ್ಥಿಗೆ ವಿದ್ಯಾರ್ಥಿಯೇ ಕಲಿಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯ ದೇಶೀಯ ಶಾಲೆಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ವರದಿ ಸಲ್ಲಿಸಿದರು. ಆಗ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅವರು ಲೆಕ್ಕ ಕೊಟ್ಟಿದ್ದಾರೆ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದು ಬರೆದರು. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಪ್ರಯೋಗಿಸಿ, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪದ್ಧತಿಯನ್ನೇ ಅವರು ಅಲ್ಲಿ ಉದ್ದೇಶಿಸಿದ್ದರು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಮಕ್ಕಳು ಕಾವ್ಯಭಾಷೆಯ ಪದ್ಯಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡುತ್ತಿದ್ದರು. ಕಲಿಸುವವರಿಗೂ ಅನೇಕ ವೇಳೆ ಅರ್ಥ ತಿಳಿದಿರುತ್ತಿರಲಿಲ್ಲ. ಈ ಎರಡು ಹೇಳಿಕೆಗಳನ್ನು ಒಟ್ಟಿಗೆ ಓದಿದರೆ ನಮ್ಮ ವಿಷಯಕ್ಕೆ ಅತ್ಯವಶ್ಯವಾದ ಒಂದು ಭೇದ ವಿದಿತವಾಗುತ್ತದೆ. ಸಹಪಾಠಿಯು ಪಾಠವನ್ನು ಮುಂದಕ್ಕೆ ದಾಟಿಸುವುದು ಒಂದು. ಸಹಪಾಠಿಯೊಡನೆ ಕಾರಣವನ್ನು ಶೋಧಿಸುವುದು ಇನ್ನೊಂದು. ಮೊದಲನೆಯದರಿಂದ ಉಪಾಧ್ಯಾಯರ ಕೊರತೆ ನೀಗಬಹುದು, ಬಾಯಿಪಾಠವೂ ವೇಗವಾಗಿ ಹರಡಬಹುದು. ತಿಳಿವಳಿಕೆ ಬೆಳೆಯುವುದು ಎರಡನೆಯದರಿಂದ. ಮುಂದೆ ನಾವು ಚರ್ಚೆಯೆಂದಲ್ಲೆಲ್ಲ ಈ ಎರಡನೆಯದನ್ನೇ ಗ್ರಹಿಸಬೇಕು.

3. ಪದ್ಧತಿಯ ಸ್ವರೂಪ

ಸಹಪಾಠಿ ಚರ್ಚೆಗೆ ಇಂದು ರೂಢಿಯಲ್ಲಿರುವ ಶಾಸ್ತ್ರೀಯ ರೂಪವನ್ನು ಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್. ಕಠಿನವಾದ ಲೆಕ್ಕಗಳನ್ನು ಸೂತ್ರದ ಬಲದಿಂದ ಬಿಡಿಸಬಲ್ಲ ವಿದ್ಯಾರ್ಥಿಗಳೇ ಬಲ ಮತ್ತು ಚಲನೆಗಳನ್ನು ಕುರಿತ ಸರಳ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಡುವುದನ್ನು ಅವರು ಕಂಡರು. ತಮ್ಮ ವಿವರಣೆಯಿಂದ ಪರಿಹಾರವಾಗದ ಸಂದೇಹವು ವಿದ್ಯಾರ್ಥಿಗಳು ಪರಸ್ಪರ ಮಾತನಾಡಿಕೊಂಡಾಗ ಪರಿಹಾರವಾಗುವುದನ್ನೂ ಗಮನಿಸಿ, 1991ರಿಂದ ತಮ್ಮ ತರಗತಿಯ ಕ್ರಮವನ್ನೇ ಬದಲಾಯಿಸಿದರು. 1997ರಲ್ಲಿ ಆ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದರ ಹಂತಗಳು ಹೀಗಿವೆ:

(1) ವಿದ್ಯಾರ್ಥಿಯು ಪಾಠಭಾಗವನ್ನು ಮೊದಲೇ ಓದಿಕೊಂಡು ಬರುತ್ತಾನೆ.
(2) ಅಧ್ಯಾಪಕರು ಏಳೆಂಟು ನಿಮಿಷ ಮಾತ್ರ ಮುಖ್ಯಾಂಶವನ್ನು ವಿವರಿಸುತ್ತಾರೆ.
(3) ಲೆಕ್ಕ ಹಾಕದೆ, ವಿಷಯವನ್ನು ತಿಳಿದು ಮಾತ್ರ ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನು ಮೂರುನಾಲ್ಕು ಆಯ್ಕೆಗಳೊಡನೆ ಮುಂದಿಡುತ್ತಾರೆ.
(4) ಪ್ರತಿಯೊಬ್ಬನೂ ಯಾರೊಡನೆಯೂ ಮಾತನಾಡದೆ ತನ್ನ ಉತ್ತರವನ್ನು ನಿಶ್ಚಯಿಸಿ ತಿಳಿಸುತ್ತಾನೆ.
(5) ಬಳಿಕ ಎರಡರಿಂದ ನಾಲ್ಕು ನಿಮಿಷ ತನ್ನಿಂದ ಭಿನ್ನವಾದ ಉತ್ತರ ಕೊಟ್ಟವನೊಡನೆ ಚರ್ಚಿಸುತ್ತಾನೆ.
(6) ಮತ್ತೊಮ್ಮೆ ಉತ್ತರ ಕೊಡುತ್ತಾನೆ.
(7) ಕೊನೆಗೆ ಅಧ್ಯಾಪಕರು ವಿವರಣೆ ನೀಡುತ್ತಾರೆ.

ಮೊದಲ ಉತ್ತರದಲ್ಲಿ ಸರಿಯಾದವು ಶೇಕಡಾ 35ರಿಂದ 70ರೊಳಗೆ ಇದ್ದಾಗ ಚರ್ಚೆ ಅತ್ಯಂತ ಫಲಕಾರಿ ಎಂದು ಮಜೂರ್ ಮತ್ತು ಅವರ ಸಹೋದ್ಯೋಗಿ ಕ್ಯಾಥರೀನ್ ಕ್ರೌಚ್ ತಿಳಿಸಿದ್ದಾರೆ. ಅದಕ್ಕಿಂತ ಕಡಿಮೆಯಾದರೆ ಚರ್ಚಿಸಲು ಸಾಮಗ್ರಿಯೇ ಇರುವುದಿಲ್ಲ, ಪಾಠವನ್ನು ಪುನಃ ವಿವರಿಸಬೇಕು. ಅದಕ್ಕಿಂತ ಹೆಚ್ಚಾದರೆ ಚರ್ಚೆಯ ಅವಶ್ಯಕತೆ ಅಷ್ಟಿರುವುದಿಲ್ಲ, ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು.

ಪ್ರಶ್ನೆಯ ಗುಣವೇ ಈ ಪದ್ಧತಿಯ ಜೀವ. ನಮ್ಮ ಪ್ರದೇಶಕ್ಕೆ ಒಪ್ಪುವ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿಯಲ್ಲಿಯೂ ಮಂಗಳೂರಿನಲ್ಲಿಯೂ ಉಷ್ಣತೆ ಒಂದೇ ಸಮನಾಗಿ 36 ಡಿಗ್ರಿ ಇರುವ ಒಂದು ದಿನ, ಒಂದೇ ಬಗೆಯ ಎರಡು ಮಣ್ಣಿನ ಗಡಿಗೆಗಳಲ್ಲಿ ಒಂದೇ ಪ್ರಮಾಣದ ನೀರನ್ನು ತುಂಬಿ ನೆರಳಿನಲ್ಲಿಟ್ಟಿದೆ. ನಾಲ್ಕು ತಾಸಿನ ಮೇಲೆ ನೀರು ಎಲ್ಲಿ ಹೆಚ್ಚು ತಂಪಾಗಿರುತ್ತದೆ? (ಅ) ಕಲಬುರಗಿಯಲ್ಲಿ, (ಆ) ಮಂಗಳೂರಿನಲ್ಲಿ, (ಇ) ಎರಡೂ ಕಡೆ ಸಮನಾಗಿ, (ಈ) ಎಲ್ಲಿಯೂ ತಂಪಾಗುವುದಿಲ್ಲ.

ಆವೀಕರಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ವಿದ್ಯಾರ್ಥಿಯೂ ಇಲ್ಲಿ ತಡವರಿಸುವುದು ಸಹಜ. ಮಣ್ಣಿನ ಗುಣವೇ ತಂಪು, ಆದ್ದರಿಂದ ಎರಡೂ ಕಡೆ ಸಮನೆಂದು ಒಬ್ಬನು ಹೇಳಬಹುದು. ಸಮುದ್ರದ ಗಾಳಿಯಲ್ಲಿ ತೇವವಿದೆ, ತೇವವೆಂದರೆ ತಂಪು, ಆದ್ದರಿಂದ ಮಂಗಳೂರೆಂದು ಇನ್ನೊಬ್ಬನು ವಾದಿಸಬಹುದು. ಗಡಿಗೆಯ ಹೊರಮೈಗೆ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ, ಒಣಗಾಳಿಯಲ್ಲಿ ಅದು ಬೇಗ ನಡೆಯುತ್ತದೆ, ಆದ್ದರಿಂದ ಕಲಬುರಗಿಯೆಂದು ಮೂರನೆಯವನು ಹೇಳಿದಾಗ, ಮಣ್ಣೇ ತಂಪೆಂದವನಿಗೆ ಅವನು ಹಾಕುವ ಮರುಪ್ರಶ್ನೆ ನಿರ್ಣಾಯಕವಾಗುತ್ತದೆ: ಹಾಗಿದ್ದರೆ ಹೊಸ ಗಡಿಗೆಯ ಹೊರಮೈಗೆ ಎಣ್ಣೆಬಣ್ಣ ಬಳಿದರೂ ನೀರು ತಂಪಾಗಬೇಕಲ್ಲವೇ? ಈ ಮರುಪ್ರಶ್ನೆಯನ್ನು ಅಧ್ಯಾಪಕರು ತಾವೇ ಕೇಳಿ ತಾವೇ ಉತ್ತರಿಸಿದ್ದರೆ ವಿದ್ಯಾರ್ಥಿಯು ಅದನ್ನು ಬರೆದುಕೊಳ್ಳುತ್ತಿದ್ದನು. ಜೊತೆಯವನು ಕೇಳಿದಾಗ ಅವನು ಉತ್ತರ ಹುಡುಕಲೇಬೇಕಾಗುತ್ತದೆ.

4. ಚರ್ಚೆಯಿಂದ ಕಲಿಕೆಯೋ, ಅನುಕರಣವೋ?

ಎರಡನೆಯ ಸಲ ಸರಿಯುತ್ತರಗಳು ಹೆಚ್ಚುವುದು ಜಾಣ ವಿದ್ಯಾರ್ಥಿಯ ಉತ್ತರವನ್ನು ಇತರರು ನಕಲು ಮಾಡುವುದರಿಂದಲೇ ಇರಬಹುದಲ್ಲವೇ ಎಂಬ ಶಂಕೆ ನ್ಯಾಯವಾದುದು. ಇದನ್ನು ಪರೀಕ್ಷಿಸಲು ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನದ ತರಗತಿಯಲ್ಲಿ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಚರ್ಚೆಯ ನಂತರ, ಸರಿಯುತ್ತರವನ್ನು ತಿಳಿಸುವ ಮೊದಲೇ, ಅದೇ ತತ್ತ್ವವನ್ನು ಬೇರೆ ಸಂದರ್ಭದಲ್ಲಿ ಅಳವಡಿಸಿದ ಎರಡನೆಯ ಪ್ರಶ್ನೆಯೊಂದನ್ನು ಕೊಟ್ಟು, ಪ್ರತಿಯೊಬ್ಬನೂ ಒಂಟಿಯಾಗಿ ಉತ್ತರಿಸುವಂತೆ ಮಾಡಿದರು. ಮೊದಲ ಪ್ರಶ್ನೆಗೆ ಚರ್ಚೆಗೆ ಮುಂಚೆ ಸರಾಸರಿ ಶೇಕಡಾ 52 ಮಂದಿ ಸರಿಯಾಗಿ ಉತ್ತರಿಸಿದ್ದರು. ಚರ್ಚೆಯ ನಂತರ ಅದು 68ಕ್ಕೆ ಏರಿತು. ಎರಡನೆಯ ಪ್ರಶ್ನೆಯಲ್ಲಿ 73 ಆಯಿತು. ಮೊದಲು ತಪ್ಪಿ, ಚರ್ಚೆಯ ನಂತರ ಸರಿಪಡಿಸಿಕೊಂಡವರಲ್ಲಿ ಶೇಕಡಾ 77 ಮಂದಿ ಎರಡನೆಯ ಪ್ರಶ್ನೆಗೂ ಸರಿಯುತ್ತರ ಕೊಟ್ಟರು. ಕೇವಲ ನಕಲಿನಿಂದ ಇಂತಹ ಫಲ ಬರಲಾರದು. ಗುಂಪಿನಲ್ಲಿ ಸರಿಯುತ್ತರ ಬಲ್ಲವನು ಮೊದಲಿಗೆ ಒಬ್ಬನೂ ಇಲ್ಲದಿದ್ದರೂ ಚರ್ಚೆಯಿಂದ ಪ್ರಯೋಜನವಾಗುವುದುಂಟೆಂದು ಅವರು ತೋರಿಸಿದರು.

ಇನ್ನೂ ವಿಸ್ತಾರವಾದ ಪ್ರಮಾಣ ಇಂಡಿಯಾನಾದ ರಿಚರ್ಡ್ ಹೇಕ್ ಅವರದು. 62 ತರಗತಿಗಳ 6,542 ವಿದ್ಯಾರ್ಥಿಗಳ ಪರೀಕ್ಷಾಫಲವನ್ನು ಅವರು 1998ರಲ್ಲಿ ಹೋಲಿಸಿದರು. ಆರಂಭದಲ್ಲಿ ತಿಳಿಯದೆ ಉಳಿದಿದ್ದ ಭಾಗದಲ್ಲಿ ಎಷ್ಟನ್ನು ಕಲಿತರೆಂಬುದನ್ನು ಅಳತೆಯಾಗಿ ಹಿಡಿದರೆ, ಕೇವಲ ಉಪನ್ಯಾಸ ನಡೆದ ತರಗತಿಗಳ ಸರಾಸರಿ 0.23, ವಿದ್ಯಾರ್ಥಿಗಳು ಕೂಡಿ ವಿಚಾರಮಾಡುವ ಕ್ರಮಗಳನ್ನು ಅನುಸರಿಸಿದ ತರಗತಿಗಳದು 0.48. ಈ ಎರಡನೆಯ ವರ್ಗದಲ್ಲಿ ಸಹಪಾಠಿ ಚರ್ಚೆಯಲ್ಲದೆ ಬೇರೆ ಕ್ರಮಗಳೂ ಸೇರಿದ್ದುವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

5. ದೂರದಿಂದ ಬರುವ ಪಾಠ: ನಮ್ಮ ನಾಡಿನ ಅನುಭವ

ಮೇಲಿನ ಪ್ರಮಾಣಗಳೆಲ್ಲ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕುಳಿತಿದ್ದ ತರಗತಿಗಳವು. ಪಾಠವು ದೂರದಿಂದ ಬರುವಾಗ ಚರ್ಚೆಗೆ ಏನಾಗುತ್ತದೆ? ಇದಕ್ಕೆ ಭಾರತದಲ್ಲಿಯೇ ಹಳೆಯ ಪ್ರಯೋಗವೊಂದಿದೆ. 1956ರಲ್ಲಿ ಯುನೆಸ್ಕೊದ ನೆರವಿನಿಂದ ಆಕಾಶವಾಣಿಯು ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಗ್ರಾಮಗೋಷ್ಠಿಗಳನ್ನು ಏರ್ಪಡಿಸಿತು. ಹಳ್ಳಿಗರು ವಾರಕ್ಕೆ ಎರಡು ಸಲ ಒಟ್ಟಿಗೆ ಕುಳಿತು ಕೃಷಿ ಮತ್ತು ಗ್ರಾಮಜೀವನದ ಕಾರ್ಯಕ್ರಮವನ್ನು ಕೇಳಿ, ಅನಂತರ ಅದನ್ನು ಚರ್ಚಿಸುತ್ತಿದ್ದರು. ರೇಡಿಯೊ ಇದ್ದೂ ಗೋಷ್ಠಿಯಿಲ್ಲದ ಹಳ್ಳಿಗಳನ್ನೂ ಹೋಲಿಕೆಗಾಗಿ ಇಟ್ಟುಕೊಳ್ಳಲಾಗಿತ್ತು. ಗೋಷ್ಠಿ ನಡೆದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತು. ರೇಡಿಯೊ ಮಾತ್ರ ಇದ್ದಲ್ಲಿ ಹೆಚ್ಚಳ ಅತ್ಯಲ್ಪ. ಪ್ರಸಾರ ಎರಡೂ ಕಡೆ ಅದೇ ಆಗಿತ್ತು, ವ್ಯತ್ಯಾಸವಿದ್ದುದು ಗೋಷ್ಠಿಯಲ್ಲಿ.

ಕಲಬುರಗಿ ಜಿಲ್ಲೆಗೆ ಇಂತಹ ದೂರಪಾಠ 1975ರಲ್ಲಿಯೇ ಬಂದಿತು. ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆರಿಸಿದ ಹಳ್ಳಿಗಳು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳಿದ್ದುವು. ಈ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವೂ ಸ್ಥಾಪಿತವಾಯಿತು. ತೆರೆಯ ಮೇಲಿನ ಪಾಠವನ್ನು ನಮ್ಮ ಹಳ್ಳಿಗಳು ಅಂತರಜಾಲಕ್ಕಿಂತ ಬಹು ಮೊದಲೇ ಕಂಡಿವೆ. ತೆರೆಯು ಪ್ರಶ್ನೆಯನ್ನು ಕೇಳಿಸಿಕೊಳ್ಳಲಾರದೆಂಬ ಮಿತಿಯನ್ನೂ ಕಂಡಿವೆ.

2020ರ ಮಾರ್ಚಿಯಲ್ಲಿ ಕೋವಿಡ್‌ನಿಂದಾದ ದೇಶದ ಮೊದಲ ಸಾವು ಕಲಬುರಗಿಯಲ್ಲಿ ಸಂಭವಿಸಿತು, ಶಾಲೆಗಳು ಮುಚ್ಚಿದುವು. ಆ ವರ್ಷ ರಾಜ್ಯ ಸರ್ಕಾರ ಕೈಗೊಂಡ ಎರಡು ಉಪಾಯಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಚಂದನ ವಾಹಿನಿಯ ‘ಸಂವೇದ’ ಪಾಠಗಳು ತೆರೆಯ ಮೂಲಕ ಬಂದುವು. ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಉಪಾಧ್ಯಾಯರೇ ಊರೂರಿಗೆ ಹೋಗಿ ಗುಡಿಯ ಅಂಗಳ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂಡಿಸಿ ಕಲಿಸಿದರು. ಫೋನೇ ಇಲ್ಲದವರು, ಅಂತರಜಾಲವಿಲ್ಲದ ಫೋನುಳ್ಳವರು, ಸ್ಮಾರ್ಟ್‌ಫೋನುಳ್ಳವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿದ್ದುದು ಈ ಯೋಜನೆಯ ಒಂದು ವಿಶೇಷ. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿದು, 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲಿ ಮುಂದುವರಿಸಿದರು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇಕಡಾ 92 ಮಕ್ಕಳು ಭಾಷೆಯಲ್ಲಿಯೂ ಶೇಕಡಾ 82 ಮಕ್ಕಳು ಗಣಿತದಲ್ಲಿಯೂ ಹಿಂದಿನ ವರ್ಷ ತಮಗಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಆಗ ಸಾಧನವಿಲ್ಲದಿರುವುದೇ ಮುಖ್ಯ ಅಡ್ಡಿಯಾಗಿತ್ತು. ಇಂದು ಸ್ಥಿತಿ ಬೇರೆ. ಗ್ರಾಮೀಣ ಭಾರತವನ್ನು ಕುರಿತ ‘ಅಸರ್ 2024’ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇಕಡಾ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಸಾಧನ ಬಂದ ಮೇಲೂ ಕಲಿಕೆ ತಾನಾಗಿ ಬರಲಿಲ್ಲವೆಂಬುದಕ್ಕೆ ನಾವು ಆರಂಭದಲ್ಲಿ ಕೊಟ್ಟ ಪರೀಕ್ಷಾಫಲವೇ ಸಾಕ್ಷಿ.

6. ಆನ್‌ಲೈನ್ ಪಾಠಕ್ಕೆ ಹೊಂದಿಸುವ ಬಗೆ

ತರಗತಿಯಲ್ಲಿ ನೆರೆಯವನು ಪಕ್ಕದಲ್ಲಿಯೇ ಇರುತ್ತಾನೆ. ಆನ್‌ಲೈನ್ ಪಾಠದಲ್ಲಿ ಅವನನ್ನು ಬುದ್ಧಿಪೂರ್ವಕವಾಗಿ ಒದಗಿಸಬೇಕು. ಸಂದರ್ಭಾನುಸಾರ ಇದಕ್ಕೆ ಮೂರು ಏರ್ಪಾಡುಗಳು ಸಾಧ್ಯವೆಂದು ತೋರುತ್ತದೆ.

ಮೊದಲನೆಯದು, ಎಲ್ಲರೂ ಏಕಕಾಲದಲ್ಲಿ ಸೇರುವ ಪಾಠ. ನಗರದ ಮಹಾವಿದ್ಯಾಲಯಗಳಿಗೆ ಇದು ಸುಲಭ. ಇಲ್ಲಿ ವಿದ್ಯಾರ್ಥಿಗಳನ್ನು ಮೂವರು ಅಥವಾ ನಾಲ್ವರ ಗುಂಪುಗಳಾಗಿ ವಿಂಗಡಿಸಿ, ಆ ಗುಂಪುಗಳನ್ನು ಹಲವು ವಾರ ಬದಲಾಯಿಸದೆ ಇಡಬೇಕು. ಪ್ರತಿಸಲವೂ ಅಪರಿಚಿತರೊಡನೆ ಸೇರಿಸಿದರೆ ಚರ್ಚೆಯ ಬದಲು ಮೌನ ನೆಲಸುತ್ತದೆ. ಮೊದಲ ಉತ್ತರಗಳ ಲೆಕ್ಕವನ್ನು ಚರ್ಚೆಗೆ ಮುಂಚೆ ತೆರೆಯ ಮೇಲೆ ತೋರಿಸಬಾರದು. ಹಾಗೆ ತೋರಿಸಿದರೆ ವಿದ್ಯಾರ್ಥಿಗಳು ಕಾರಣವನ್ನು ಬಿಟ್ಟು ಬಹುಮತದ ಕಡೆಗೆ ವಾಲುತ್ತಾರೆಂಬುದು ಪ್ರಯೋಗಗಳಿಂದ ಕಂಡುಬಂದಿದೆ.

ಎರಡನೆಯದು, ಅವರವರ ವೇಳೆಗೆ ತಕ್ಕಂತೆ ಕಲಿಯುವ ಪಾಠ. ಕೆನಡಾದ ಮಾಂಟ್ರಿಯಲ್ ನಗರದ ಕಾಲೇಜುಗಳ ಅಧ್ಯಾಪಕರು ರೂಪಿಸಿದ ‘ಡಾಲೈಟ್’ ಎಂಬ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯು ಉತ್ತರದೊಡನೆ ಕಾರಣವನ್ನೂ ಬರೆಯಬೇಕು. ಅನಂತರ ಬೇರೆ ವಿದ್ಯಾರ್ಥಿಗಳು ಬರೆದ ಕಾರಣಗಳು ಅವನ ಮುಂದೆ ಬರುತ್ತವೆ, ಅವನ್ನು ಓದಿ ಅವನು ತನ್ನ ಉತ್ತರವನ್ನು ಉಳಿಸಿಕೊಳ್ಳಬಹುದು ಅಥವಾ ಬದಲಾಯಿಸಬಹುದು. ಈ ತತ್ತ್ವವನ್ನು ಅನುಸರಿಸಲು ವಿಶೇಷ ಯಂತ್ರಾಂಶ ಬೇಕಿಲ್ಲ. ವಿದ್ಯಾರ್ಥಿಗಳು ಅರ್ಧ ನಿಮಿಷದ ಧ್ವನಿಸಂದೇಶದಲ್ಲಿ ತಮ್ಮ ಕಾರಣವನ್ನು ಅಧ್ಯಾಪಕರಿಗೆ ಕಳುಹಿಸಿ, ಅಧ್ಯಾಪಕರು ಪರಸ್ಪರ ವಿರುದ್ಧವಾದ ಎರಡನ್ನು ಹೆಸರಿಲ್ಲದೆ ಆರಿಸಿ ಗುಂಪಿಗೆ ಕಳುಹಿಸಿದರೆ ಸಾಕು.

ಮೂರನೆಯದೇ ಕಮಲಾಪುರದಂತಹ ತಾಲ್ಲೂಕಿಗೆ ಅತ್ಯಂತ ಉಚಿತವೆಂದು ನಾವು ಭಾವಿಸುತ್ತೇವೆ. ಪಾಠ ದೂರದಿಂದ ಬರಲಿ, ಚರ್ಚೆ ಊರಿನಲ್ಲಿಯೇ ನಡೆಯಲಿ. ಒಂದೇ ಓಣಿಯ ಅಥವಾ ಒಂದೇ ತಾಂಡಾದ ನಾಲ್ವರು ವಿದ್ಯಾರ್ಥಿಗಳು ಒಂದು ಫೋನಿನ ಸುತ್ತ ಕುಳಿತು, ಮೊದಲೇ ಇಳಿಸಿಕೊಂಡ ಹತ್ತು ನಿಮಿಷದ ಪಾಠವನ್ನು ಕೇಳಿ, ಪ್ರಶ್ನೆ ಬಂದೊಡನೆ ಪಾಠವನ್ನು ನಿಲ್ಲಿಸಬೇಕು. ಪ್ರತಿಯೊಬ್ಬರೂ ಅ, ಆ, ಇ, ಈ ಎಂದು ಬರೆದ ರಟ್ಟಿನ ಚೀಟಿಯೊಂದನ್ನು ಆರಿಸಿ ಬೋರಲಾಗಿಟ್ಟು, ಎಲ್ಲರೂ ಇಟ್ಟ ಮೇಲೆ ಒಮ್ಮೆಗೇ ತಿರುಗಿಸಬೇಕು. ಚೀಟಿಗಳು ಭಿನ್ನವಾಗಿದ್ದಲ್ಲಿ ಚರ್ಚೆ, ಮರಳಿ ಉತ್ತರ, ಆಮೇಲೆ ಪಾಠದ ಮುಂದಿನ ಭಾಗ. ರಟ್ಟಿನ ಚೀಟಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ವಿದ್ಯುನ್ಮಾನ ಸಾಧನದಿಂದ ಉತ್ತರಿಸಿದವರಿಗೂ ಚೀಟಿಯಿಂದ ಉತ್ತರಿಸಿದವರಿಗೂ ಕಲಿಕೆಯಲ್ಲಿ ಭೇದವಿಲ್ಲವೆಂದು ಕೆನಡಾದ ನತಾನಿಯೆಲ್ ಲಾಸ್ರಿ 2008ರಲ್ಲಿ ತೋರಿಸಿದ್ದಾರೆ. ಚರ್ಚೆಗೆ ಅಂತರಜಾಲದ ವೇಗ ಬೇಕಿಲ್ಲವೆಂಬುದೇ ಈ ಏರ್ಪಾಡಿನ ದೊಡ್ಡ ಗುಣ.

ಇದರಲ್ಲಿ ಭಾಷೆಯ ಅನುಕೂಲವೂ ಇದೆ. ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಮನೆಯಲ್ಲಿ ಇಲ್ಲಿಯದೇ ಬಗೆಯ ಕನ್ನಡ, ಲಂಬಾಣಿ, ದಖನಿ ಉರ್ದು, ತೆಲುಗು, ಮರಾಠಿಗಳನ್ನು ಆಡುವವರಿದ್ದಾರೆ. ಪಾಠವೋ ಗ್ರಾಂಥಿಕ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರುತ್ತದೆ. ಕಾರಣವನ್ನು ಮೊದಲು ಮನೆಮಾತಿನಲ್ಲಿ ಆಡಿ, ಅನಂತರ ಪಾಠದ ಭಾಷೆಯಲ್ಲಿ ಬರೆಯುವ ಅವಕಾಶ ಗುಂಪಿನಲ್ಲಿ ಮಾತ್ರ ದೊರೆಯುತ್ತದೆ.

7. ಕೆಲವು ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಹೀಗೆ ಚರ್ಚಿಸುತ್ತ ಕುಳಿತರೆ ಪಾಠಕ್ರಮ ಮುಗಿಯುವುದಿಲ್ಲ. ಒಂದು ಪ್ರಶ್ನೆಗೆ ಹತ್ತು ನಿಮಿಷವಾದರೂ ಹಿಡಿಯುವುದು ನಿಜ. ಆದರೆ ಆನ್‌ಲೈನ್ ಕಲಿಕೆಯಲ್ಲಿ ವಿಷಯನಿರೂಪಣೆಯನ್ನು ಮುದ್ರಿತ ಪಾಠಕ್ಕೂ ಪುಸ್ತಕಕ್ಕೂ ಬಿಡಬಹುದಾದ್ದರಿಂದ ಅಧ್ಯಾಪಕರ ವೇಳೆ ಇದಕ್ಕಾಗಿಯೇ ಉಳಿಯುತ್ತದೆ. ಪ್ರತಿ ಪಾಠಕ್ಕೆ ಎರಡು ಒಳ್ಳೆಯ ಪ್ರಶ್ನೆಗಳು ಸಾಕು.

ಎರಡನೆಯದು: ಗುಂಪಿನಲ್ಲಿ ಒಬ್ಬನೇ ಮಾತನಾಡಿ ಉಳಿದವರು ತಲೆದೂಗುತ್ತಾರೆ. ಇದು ಗಂಭೀರವಾದ ಆಕ್ಷೇಪ. ಮೇಲೆ ಹೇಳಿದ ವರದಿಯಲ್ಲಿಯೇ, ಸ್ಮಾರ್ಟ್‌ಫೋನ್ ಬಳಸಬಲ್ಲ ಮಕ್ಕಳ ಪೈಕಿ ಸ್ವಂತ ಫೋನುಳ್ಳ ಹುಡುಗರು ಸುಮಾರು ಶೇಕಡಾ 36, ಹುಡುಗಿಯರು ಸುಮಾರು 27. ಫೋನು ಯಾರದೋ ಮಾತೂ ಅವರದೇ ಆಗುವ ಅಪಾಯವಿದೆ. ಜಾತಿಯ ಸಂಕೋಚವೂ ಬಾಯಿ ಕಟ್ಟಬಹುದು. ಮೊದಲ ಉತ್ತರವನ್ನು ಒಂಟಿಯಾಗಿ, ಗುಪ್ತವಾಗಿ ನಿಶ್ಚಯಿಸಬೇಕೆಂಬ ನಿಯಮ ಇರುವುದು ಮುಖ್ಯವಾಗಿ ಇದಕ್ಕಾಗಿಯೇ: ಚೀಟಿ ತಿರುಗಿಸಿದಾಗ ಎಲ್ಲರ ಅಭಿಪ್ರಾಯವೂ ಸಮಾನವಾಗಿ ಕಣ್ಣಿಗೆ ಬೀಳುತ್ತದೆ. ಅಲ್ಪಸಂಖ್ಯೆಯ ಉತ್ತರ ಕೊಟ್ಟವರು ಮೊದಲು ಮಾತನಾಡಬೇಕೆಂಬ ಕಟ್ಟಳೆಯೂ, ಗುಂಪಿನ ಪರವಾಗಿ ವರದಿ ಮಾಡುವವರು ಪ್ರತಿಸಲ ಬದಲಾಗಬೇಕೆಂಬ ಕಟ್ಟಳೆಯೂ ಇದ್ದರೆ ಒಳ್ಳೆಯದು. ಹುಡುಗಿಯರು ಸೇರಲು ಅನುಕೂಲವಾದ ಸ್ಥಳ ಮತ್ತು ವೇಳೆಯನ್ನು ಉಪಾಧ್ಯಾಯರು ಮನೆಯವರೊಡನೆ ಮಾತನಾಡಿ ಗೊತ್ತುಮಾಡಬೇಕು.

ಮೂರನೆಯದು: ಎಲ್ಲರೂ ಕೂಡಿ ತಪ್ಪು ನಿರ್ಣಯಕ್ಕೆ ಬಂದರೆ? ಅದಕ್ಕಾಗಿಯೇ ಕೊನೆಯ ವಿವರಣೆಯನ್ನು ಎಂದೂ ಬಿಡಬಾರದು. ಅಲ್ಲದೆ, ಅದೇ ತತ್ತ್ವದ ಎರಡನೆಯ ಪ್ರಶ್ನೆಯೊಂದನ್ನು ಒಂಟಿಯಾಗಿ ಉತ್ತರಿಸಲು ಕೊಡಬೇಕು. ಗಡಿಗೆಯ ಪ್ರಶ್ನೆಯ ನಂತರ, ಒದ್ದೆ ಬಟ್ಟೆ ಯಾವ ಊರಿನಲ್ಲಿ ಬೇಗ ಒಣಗುತ್ತದೆಂದು ಕೇಳುವುದು ಸುಲಭ. ಬೆವರಿದ ಮೈಗೆ ಬೀಸಣಿಗೆಯ ಗಾಳಿ ಏಕೆ ಹಿತವೆಂದು ಕೇಳುವುದು ಉತ್ತಮ. ಅಂಕ ಕೊಡುವುದಾದರೆ ಭಾಗವಹಿಸಿದ್ದಕ್ಕೆ ಕೊಡಬೇಕು. ಸರಿಯುತ್ತರಕ್ಕೆ ಕೊಟ್ಟರೆ ವಾದ ನಿಂತು ನಕಲು ತೊಡಗುತ್ತದೆ.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಫಲಿಸುವ ಅಂಶ ಇಷ್ಟು. ತೆರೆಯು ಪಾಠವನ್ನು ತಲುಪಿಸಬಲ್ಲುದು. ಕಾರಣವನ್ನು ಕೇಳುವ ಜೊತೆಗಾರನನ್ನು ನಾವೇ ಒದಗಿಸಬೇಕು. ಒಂಟಿಯಾಗಿ ನಿಶ್ಚಯಿಸುವುದು, ಭಿನ್ನಮತದವರೊಡನೆ ಚರ್ಚಿಸುವುದು, ಮರಳಿ ನಿಶ್ಚಯಿಸುವುದು, ವಿವರಣೆ ಕೇಳುವುದು ಎಂಬ ಅನುಕ್ರಮ ಕೆಡದಿದ್ದರೆ, ಅದು ನಗರದ ಗಣಕಯಂತ್ರದಲ್ಲಿ ನಡೆದರೂ ಫಲಕಾರಿ, ಕಮಲಾಪುರದ ಒಂದು ಕಟ್ಟೆಯ ಮೇಲೆ ರಟ್ಟಿನ ಚೀಟಿಗಳಿಂದ ನಡೆದರೂ ಫಲಕಾರಿ.

ಕಾರ್ಯರೂಪಕ್ಕೆ ತರಲು ಮೊದಲು ಬೇಕಾದುದು ಒಳ್ಳೆಯ ಪ್ರಶ್ನೆಗಳ ಸಂಗ್ರಹ. ಪ್ರಶ್ನೆಗಳು ಈ ನೆಲದ ಅನುಭವದಿಂದ ಹುಟ್ಟಬೇಕು: ಇಲ್ಲಿಯ ಬಿಸಿಲು, ತೊಗರಿಯ ಹೊಲ, ಕಮಲಾಪುರದ ಕೆಂಪು ಬಾಳೆಯ ತೋಟ, ಸಂತೆಯ ತೂಕ, ಬಸ್ಸಿನ ಓಟ. ಅವುಗಳ ತಪ್ಪು ಆಯ್ಕೆಗಳು ವಿದ್ಯಾರ್ಥಿಗಳು ನಿಜವಾಗಿಯೂ ಮಾಡುವ ತಪ್ಪುಗಳಿಂದಲೇ ಆರಿಸಿದುವಾಗಿರಬೇಕು. ಆ ತಪ್ಪುಗಳನ್ನು ಬಲ್ಲವರು ತರಗತಿಯಲ್ಲಿ ದಿನವೂ ನಿಲ್ಲುವ ಉಪಾಧ್ಯಾಯರು. ನಗರದ ಅಧ್ಯಾಪಕರೂ ತಾಲ್ಲೂಕಿನ ಉಪಾಧ್ಯಾಯರೂ ಕೂಡಿ ಪ್ರತಿ ಪಾಠಕ್ಕೆ ಎರಡರಂತೆ ಪ್ರಶ್ನೆಗಳನ್ನು ರಚಿಸಿ, ಮೊದಲ ಉತ್ತರ, ಎರಡನೆಯ ಉತ್ತರ ಮತ್ತು ಒಂಟಿ ಪ್ರಶ್ನೆಯ ಉತ್ತರಗಳನ್ನು ಲೆಕ್ಕವಿಟ್ಟರೆ, ಈ ಪದ್ಧತಿ ನಮ್ಮಲ್ಲಿ ಎಷ್ಟರಮಟ್ಟಿಗೆ ಫಲಿಸುತ್ತದೆಂಬುದನ್ನು ಒಂದೆರಡು ವರ್ಷಗಳಲ್ಲಿ ಪ್ರಮಾಣಪೂರ್ವಕವಾಗಿ ಹೇಳಬಹುದು. ಕೊನೆಯ ಸ್ಥಾನದಲ್ಲಿ ನಿಂತ ಜಿಲ್ಲೆಗೆ ಇಷ್ಟು ಶ್ರಮ ಹೆಚ್ಚಿನದೇನೂ ಅಲ್ಲ.